ಸುಣ್ಣದೊಳಗಿನ ಹೊನ್ನು

ಕೊರಟಗೆರೆಯಿಂದ ಬೆಂಗಳೂರಿಗೆ ಚಿತ್ರಗಳನ್ನು ನೋಡುವುದಕ್ಕೆಂದೇ ಬಸ್ಸು ಹತ್ತುವವರು ಹೆಚ್ಚು ಮಂದಿ ಇರಲಾರರು. ಮದುವೆ, ಆಸ್ಪತ್ರೆ, ಕಚೇರಿ, ಇವುಗಳ ನಡುವೆ ಎರಡು ಗಂಟೆ ಉಳಿದುಹೋದರೆ ಚಿತ್ರಶಾಲೆಯ ನೆನಪು ಬರುತ್ತದೆ. ಕೆಲವು ವರ್ಷಗಳ ಹಿಂದೆ ಹಾಗೆ ಉಳಿದ ಎರಡು ಗಂಟೆಯಲ್ಲಿ ನಾನು ಶ್ರೀಮತಿ ಪ್ರಭಾವತಿ ಮೆಪ್ಪಯಿಲ್ ಅವರ ಕೃತಿಗಳ ಮುಂದೆ ನಿಂತಿದ್ದೆ. ಮುಂದೆ ಎಂದರೆ, ಬಿಳಿಯ ಗೋಡೆಗೆ ತಗುಲಿಸಿದ್ದ ಬಿಳಿಯ ಹಲಗೆಗಳ ಮುಂದೆ. ಜತೆಯಲ್ಲಿದ್ದವರು ನಮ್ಮ ಕಾಲೇಜಿನ ಗಣಿತದ ಅಧ್ಯಾಪಕರು. ಅವರು ಒಂದು ಹಲಗೆಯ ಹತ್ತಿರ ಹೋಗಿ, ಅದರ ಮೇಲೆ ಮೇಲಿನಿಂದ ಕೆಳಕ್ಕೆ ಸಮಾಂತರವಾಗಿ ಇಳಿದಿದ್ದ ಕೂದಲೆಳೆಯಂಥ ಗೆರೆಗಳನ್ನು ನೋಡಿ, “ಇದನ್ನು ಎಸ್.ಎಸ್.ಎಲ್.ಸಿ. ಹುಡುಗ ಅಡಿಕೋಲು ಹಿಡಿದು ಐದು ನಿಮಿಷದಲ್ಲಿ ಎಳೆದಾನು” ಎಂದು ತೀರ್ಪಿತ್ತು ಕಾಫಿಗೆ ಹೊರಟರು. ನಾನೂ ಅವರ ಹಿಂದೆಯೇ ಹೊರಟವನು. ಆದರೆ ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟಾಗ ಓರೆಗಣ್ಣಿಗೆ ಆ ಗೆರೆಗಳಲ್ಲಿ ಒಂದು ಮಿಂಚಿತು. ಹಿಂದಕ್ಕೆ ಬಂದೆ, ಮಿಂಚು ಆರಿತು. ಪಕ್ಕಕ್ಕೆ ಸರಿದೆ, ಇನ್ನೊಂದು ಗೆರೆ ಮಿಂಚಿತು. ಶಾಯಿಯ ಗೆರೆ ಹೀಗೆ ಮಿಂಚುವುದುಂಟೆ? ಆ ದಿನ ಕಾಫಿ ತಪ್ಪಿತು.

ಅದು ಎಳೆದ ಗೆರೆಯಾಗಿರಲಿಲ್ಲ, ಹೂತ ತಂತಿಯಾಗಿತ್ತು. ಈ ಕಲಾವಿದೆಯ ಕೃತಿಗಳನ್ನು ಕುರಿತು ಹೇಳಬೇಕಾದ ಮಾತೆಲ್ಲ ಈ ಒಂದು ಸಂಗತಿಯಿಂದ ಹುಟ್ಟಬೇಕೆಂದು ನನಗೆ ತೋರುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಪ್ರತಿಕೃತಿಯನ್ನು ನೋಡಿ ಇವರ ಕಲೆಯನ್ನು ತಳ್ಳಿಹಾಕುವವರನ್ನು ನಾನು ದೂರಲಾರೆ. ಪ್ರತಿಕೃತಿಯಲ್ಲಿ ಕಾಣುವುದು ಒಂದು ಬಿಳಿಯ ಚೌಕ, ಅಷ್ಟೆ. ನಡೆದಾಡುವ ಕಣ್ಣಿಗೆ ಮಾತ್ರ ತೆರೆದುಕೊಳ್ಳುವ ಈ ವಸ್ತು ಕಾಗದದ ಮೇಲೆ ಕಣ್ಣು ಮುಚ್ಚಿಕೊಂಡಿರುತ್ತದೆ.

ಪ್ರಭಾವತಿಯವರು ೧೯೬೫ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದವರು. ಅಕ್ಕಸಾಲಿಗರ ಮನೆತನ. ಚಿತ್ರಕಲೆಯನ್ನು ಅಭ್ಯಾಸ ಮಾಡಿದ್ದು ಆರ್. ಎಂ. ಹಡಪದರು ಕಟ್ಟಿ ಬೆಳೆಸಿದ ಕೆನ್ ಕಲಾಶಾಲೆಯಲ್ಲಿ. ೨೦೧೩ರಲ್ಲಿ ವೆನಿಸ್ ನಗರದ ೫೫ನೆಯ ದ್ವೈವಾರ್ಷಿಕ ಕಲಾಪ್ರದರ್ಶನದಲ್ಲಿ ಇವರ ಕೃತಿಗಳಿದ್ದವು. ಮರುವರ್ಷ ಲಂಡನ್ನಿನಲ್ಲಿ ‘ಒಂಬತ್ತು ಹದಿನೇಳು’ ಎಂಬ ವಿಚಿತ್ರ ಹೆಸರಿನಲ್ಲಿ ಪ್ರದರ್ಶನ ನಡೆಯಿತು. ಹೊರದೇಶದ ಕಲಾಪತ್ರಿಕೆಗಳು ಇವರನ್ನು ಕುರಿತು ಬರೆದಿರುವುದಕ್ಕೆ ಹೋಲಿಸಿದರೆ ಕನ್ನಡದಲ್ಲಿ ಬಂದಿರುವ ಬರಹ ತೀರ ಅಲ್ಪ. ಇದಕ್ಕೆ ನಮ್ಮ ಉದಾಸೀನ ಒಂದು ಕಾರಣವಾದರೆ, ಇಂಥ ಕಲೆಯನ್ನು ಕುರಿತು ಆಡಲು ನಮ್ಮಲ್ಲಿ ಮಾತಿಲ್ಲವೆಂಬ ಸಂಕೋಚ ಇನ್ನೊಂದು ಕಾರಣ. ಆ ಎರಡನೆಯ ಕಾರಣ ಸರಿಯಲ್ಲವೆಂದು ತೋರಿಸುವುದು ಈ ಲೇಖನದ ಆಶೆ.

ಮೊದಲು ಕೆಲಸದ ಬಗೆಯನ್ನು ನೋಡೋಣ. ಮರದ ಹಲಗೆ, ಅದರ ಮೇಲೆ ಜೆಸ್ಸೊ, ಎಂದರೆ ಸೀಮೆಸುಣ್ಣದ ಹುಡಿಯನ್ನು ಅಂಟಿನಲ್ಲಿ ಕಲಸಿದ ಲೇಪ. ಒಂದರ ಮೇಲೊಂದು ಪದರ. ಆ ಪದರಗಳ ನಡುವೆ ತಾಮ್ರದ, ಕೆಲವು ವೇಳೆ ಬೆಳ್ಳಿಯ ಅಥವಾ ಚಿನ್ನದ, ಸಣ್ಣ ತಂತಿಗಳನ್ನು ಬಿಗಿಯಾಗಿ ಎಳೆದು ಕೂರಿಸುತ್ತಾರೆ. ಲೇಪ ಅವುಗಳನ್ನು ಪೂರ್ತಿಯಾಗಿ ಮುಚ್ಚುತ್ತದೆ. ಒಣಗಿದ ಮೇಲೆ ಉಜ್ಜುತ್ತ ಉಜ್ಜುತ್ತ ಹೋದರೆ ತಂತಿ ಅಲ್ಲಲ್ಲಿ ಮೈದೋರುತ್ತದೆ. ಒಂದೆಡೆ ಹೊಳೆಯುತ್ತದೆ, ಒಂದೆಡೆ ನೆರಳಿನಂತೆ ಒಳಗೇ ಉಳಿಯುತ್ತದೆ. ತಾಮ್ರವಾದರೆ ಗಾಳಿ ತಾಗಿ ಕಾಲಕ್ರಮದಲ್ಲಿ ಬಣ್ಣ ಬದಲಿಸುತ್ತದೆ. ಗೆರೆ ಎಲ್ಲಿ ಕಾಣಬೇಕು, ಎಲ್ಲಿ ಮುಳುಗಬೇಕು ಎಂಬುದನ್ನು ಕೈ ಅರ್ಧ ತೀರ್ಮಾನಿಸಿದರೆ ಲೋಹ ಉಳಿದರ್ಧವನ್ನು ತೀರ್ಮಾನಿಸುತ್ತದೆ. ನಮ್ಮ ಗಣಿತದ ಮಿತ್ರರ ರೇಖಾಗಣಿತದಲ್ಲಿ ರೇಖೆಗೆ ಉದ್ದವುಂಟು, ಅಗಲವಿಲ್ಲ. ಇಲ್ಲಿಯ ರೇಖೆಗೆ ಉದ್ದ, ಅಗಲ, ತೂಕ, ಬೆಲೆ ನಾಲ್ಕೂ ಉಂಟು.

ಜೆಸ್ಸೊ ಎಂಬ ಹೆಸರು ಕಿವಿಗೆ ಹೊಸದಾಗಿ ಕೇಳಿದರೂ ಆ ವಸ್ತು ನಮಗೆ ಅಪರಿಚಿತವಲ್ಲ. ಹಳೆಯ ಮೈಸೂರು ಸಂಪ್ರದಾಯದ ಚಿತ್ರಗಳು ನಮ್ಮಲ್ಲಿ ಎಷ್ಟೋ ಮನೆಗಳ ದೇವರ ಕೋಣೆಯಲ್ಲಿವೆ. ರಾಜರಾಜೇಶ್ವರಿಯ ಕಿರೀಟ, ಶ್ರೀರಾಮ ಪಟ್ಟಾಭಿಷೇಕದ ಮಂಟಪ, ಇವುಗಳಲ್ಲಿ ಚಿನ್ನದ ರೇಕು ಉಬ್ಬಿಕೊಂಡು ಹೊಳೆಯುತ್ತದೆಯಲ್ಲ, ಆ ಉಬ್ಬು ಇಂಥದೇ ಬಿಳಿಯ ಲೇಪದ್ದು. ಅಲ್ಲಿ ಬಿಳುಪು ಅಡಿಯಾಳು. ತಾನು ಕೆಳಗೆ ಮಲಗಿ ಚಿನ್ನವನ್ನು ಮೇಲೆತ್ತಿ ಹಿಡಿಯುವುದು ಅದರ ಕೆಲಸ. ಹಣತೆಯ ಬೆಳಕಿನಲ್ಲಿ ದೇವಿಯ ಆಭರಣ ಝಗಝಗಿಸಬೇಕು, ಸುಣ್ಣ ಕಾಣಬಾರದು. ಪ್ರಭಾವತಿಯವರು ಈ ಕ್ರಮವನ್ನು ಬುಡಮೇಲು ಮಾಡಿದ್ದಾರೆ. ಇವರಲ್ಲಿ ಬಿಳುಪು ಮೇಲೆ, ಚಿನ್ನ ಒಳಗೆ. ಅಲಂಕಾರವನ್ನು ಹೊತ್ತು ನಿಂತಿದ್ದ ದೇವರು, ರಾಜ, ಮಂಟಪ, ಕಿರೀಟ ಎಲ್ಲ ಹೊರಟುಹೋಗಿ ಸುಣ್ಣವೂ ಲೋಹವೂ ಎರಡೇ ಮುಖಾಮುಖಿಯಾಗಿ ಉಳಿದಿವೆ. ಮೈಸೂರು ಚಿತ್ರ ಭಕ್ತನನ್ನು ದೂರದಿಂದಲೇ ಕರೆಯುತ್ತದೆ. ಈ ಹಲಗೆ ಯಾರನ್ನೂ ಕರೆಯುವುದಿಲ್ಲ. ಹತ್ತಿರ ಬಂದವರಿಗೂ ಒಂದಿಷ್ಟು ಬಿಗುಮಾನ ತೋರುತ್ತದೆ. ಚಿನ್ನದ ಮನೆತನದಲ್ಲಿ ಹುಟ್ಟಿದವರು ಚಿನ್ನದ ಮೆರೆತವನ್ನು ಹೀಗೆ ತಡೆದಿರುವುದು ನನಗೆ ಬಹಳ ಅರ್ಥವತ್ತಾಗಿ ಕಂಡಿತು.

ಇನ್ನೊಂದು ಬಗೆಯ ಹಲಗೆಗಳಲ್ಲಿ ತಂತಿಯಿಲ್ಲ, ಗುರುತುಗಳಿವೆ. ಬಳೆಗಳ ಮೇಲೆ ನಕಾಸೆ ಮೂಡಿಸಲು ಅಕ್ಕಸಾಲಿಗರು ಬಳಸುವ ಒಂದು ಸಣ್ಣ ಉಪಕರಣಕ್ಕೆ ತಿನ್ನಂ ಎಂದು ಹೆಸರು. ಅದರ ತುದಿಯನ್ನು ಹಲಗೆಯ ಬಿಳುಪಿನ ಮೇಲೆ ಒತ್ತಿ, ಸ್ವಲ್ಪ ಸರಿಸಿ ಮತ್ತೆ ಒತ್ತಿ, ಸಾಲಿನ ಕೆಳಗೆ ಸಾಲು, ಸಾವಿರಾರು ಗುರುತು. ದೂರಕ್ಕೆ ನೆಯ್ದ ಬಟ್ಟೆಯಂತೆ, ಬೆಳಕು ಓರೆಯಾಗಿ ಬಿದ್ದಾಗ ಗಾಳಿ ಸೋಕಿದ ಕೆರೆಯಂತೆ ಕಾಣುತ್ತದೆ. ಹತ್ತಿರ ಹೋದರೆ ಯಾವ ಎರಡು ಗುರುತೂ ಒಂದೇ ಅಲ್ಲ. ಒಂದು ಆಳ, ಒಂದು ತೇಲಿಕೆ. ಒಂದು ಸಾಲು ಹಲಗೆಯ ಮಧ್ಯಕ್ಕೆ ಬರುವಷ್ಟರಲ್ಲಿ ಗೊತ್ತಾಗದಷ್ಟು ವಾಲಿ, ಮತ್ತೆ ಸಾವರಿಸಿಕೊಂಡಿದೆ. ಬೆಳಗಿನ ಕೈಯೇ ಬೇರೆ, ಸಂಜೆಯ ಕೈಯೇ ಬೇರೆ. ಯಂತ್ರ ಮಾಡಿದ್ದರೆ ಈ ವಾಲಿಕೆ ಇರುತ್ತಿರಲಿಲ್ಲ, ನಾನೂ ಅದರ ಮುಂದೆ ಅರ್ಧಗಂಟೆ ನಿಲ್ಲುತ್ತಿರಲಿಲ್ಲ.

ವಿದೇಶದ ವಿಮರ್ಶಕರು ಇವರ ಮಾತು ಬಂದೊಡನೆ ಆಗ್ನೆಸ್ ಮಾರ್ಟಿನ್ ಅವರ ಹೆಸರೆತ್ತುತ್ತಾರೆ. ಹೋಲಿಕೆ ಸುಳ್ಳಲ್ಲ. ೧೯೧೨ರಲ್ಲಿ ಕೆನಡಾದಲ್ಲಿ ಹುಟ್ಟಿ, ಅಮೆರಿಕದ ಮರುಭೂಮಿಯ ಸೀಮೆಯಲ್ಲಿ ಬಾಳಿ, ೨೦೦೪ರಲ್ಲಿ ತೀರಿಕೊಂಡ ಆಕೆ ದೊಡ್ಡ ಕ್ಯಾನ್ವಾಸಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಚೌಕುಳಿ ಮಾಡಿದವರು. ನಮ್ಮವರೇ ಆದ ನಸ್ರೀನ್ ಮೊಹಮದಿಯವರನ್ನು (೧೯೩೭–೧೯೯೦) ನೆನೆಯುವುದು ಇನ್ನೂ ಉಚಿತ. ಬರೋಡದ ಕಲಾಶಾಲೆಯಲ್ಲಿ ಪಾಠ ಹೇಳುತ್ತಿದ್ದ ಆಕೆ ಸಣ್ಣ ಕಾಗದಗಳ ಮೇಲೆ ಶಾಯಿಯಿಂದ ಎಳೆದ ಗೆರೆಗಳನ್ನು ಬದುಕಿದ್ದಾಗ ಕಂಡವರು ಕೆಲವರೇ. ೨೦೧೬ರಲ್ಲಿ ನ್ಯೂಯಾರ್ಕಿನ ದೊಡ್ಡ ಸಂಗ್ರಹಾಲಯವೊಂದು ತನ್ನ ಹೊಸ ಶಾಖೆಯನ್ನು ತೆರೆದಾಗ ಆಕೆಯ ಕೃತಿಗಳನ್ನು ಪ್ರದರ್ಶನಕ್ಕೆ ಇಟ್ಟಿತು. ನಸ್ರೀನರ ಗೆರೆ ಕಾಗದವನ್ನು ಬಿಟ್ಟು ಹಾರಿಹೋಗಲು ಹವಣಿಸುತ್ತದೆ. ಓರೆಯಾಗಿ ಓಡುತ್ತ ತೆಳುವಾಗಿ ಬಯಲಾಗುತ್ತದೆ. ಪ್ರಭಾವತಿಯವರ ಗೆರೆಗೆ ಹಾರುವ ಚಪಲವಿಲ್ಲ. ಅದು ಕೂತಿರುತ್ತದೆ. ಭಾರವಿರುವ ವಸ್ತುವಿಗೆ ಸಹಜವಾದ ಸಮಾಧಾನ ಅದರಲ್ಲಿದೆ. ಈ ಭೇದವನ್ನು ಗಮನಿಸದೆ ಎಲ್ಲರನ್ನೂ ‘ಮಿತಕಲೆ’ಯ ಒಂದೇ ಪಂಕ್ತಿಯಲ್ಲಿ ಕೂರಿಸುವುದು ಬಡಿಸುವವರಿಗೆ ಅನುಕೂಲವಾದೀತು, ಉಣ್ಣುವವರಿಗೆ ಆಗದು.

ನಮ್ಮ ಕಡೆಯ ರಸಿಕರು ಮಾಡುವ ತಪ್ಪು ಬೇರೆ. ಅವರು ಕೂಡಲೆ “ನಮ್ಮ ರಂಗೋಲಿಯಂತಿದೆ” ಎನ್ನುತ್ತಾರೆ. ಚುಕ್ಕಿ, ಗೆರೆ, ಬಿಳುಪು ಎಂದ ಮಾತ್ರಕ್ಕೆ ರಂಗೋಲಿಯಾಗದು. ರಂಗೋಲಿಯ ಗೆರೆ ಚುಕ್ಕಿಗಳನ್ನು ಬಳಸಿ ಬಂದು ಒಂದು ಆಕಾರವನ್ನು ಕಟ್ಟುತ್ತದೆ, ಮಾರನೆಯ ಬೆಳಗ್ಗೆ ನೀರು ಬಿದ್ದು ಅಳಿಸಿಹೋಗುತ್ತದೆ, ಬರುವವರನ್ನು ಸ್ವಾಗತಿಸುತ್ತದೆ. ಇಲ್ಲಿ ಆಕಾರವಿಲ್ಲ, ಅಳಿವಿಲ್ಲ, ಸ್ವಾಗತ ಮೊದಲೇ ಇಲ್ಲ. ನಮಗೆ ಗೊತ್ತಿರುವುದಕ್ಕೆಲ್ಲ ಹೊಸದನ್ನು ಗಂಟುಹಾಕಿ ನೆಮ್ಮದಿ ಪಡೆಯುವುದು ಒಂದು ಬಗೆಯ ಸೋಮಾರಿತನ. ನಾನೇ ಎಷ್ಟೋ ಸಲ ತರಗತಿಯಲ್ಲಿ ಅದನ್ನು ಮಾಡಿ ಪಶ್ಚಾತ್ತಾಪ ಪಟ್ಟಿದ್ದೇನೆ.

ಹಾಗಾದರೆ ಇದನ್ನು ಯಾವ ಮಾತಿನಿಂದ ಮುಟ್ಟುವುದು? ಕನ್ನಡದ ಅಧ್ಯಾಪಕನಾದ ನನಗೆ ಇಲ್ಲೊಂದು ಸೋಜಿಗ ಕಾಣುತ್ತದೆ. ಕಾವ್ಯವನ್ನು ಕುರಿತು ಮಾತಾಡುವಾಗ ನಾವು ಬಳಸುವ ಅರ್ಧ ಶಬ್ದಗಳು ಅಕ್ಕಸಾಲಿಗನ ಅಂಗಡಿಯಿಂದ ತಂದವು. ಕೃತಿಯನ್ನು ಒರೆಗೆ ಹಚ್ಚುತ್ತೇವೆ. ಭಾವ ಭಾಷೆಗಳು ಎರಕವಾದುವು ಎನ್ನುತ್ತೇವೆ. ಪದಗಳ ಬೆಸುಗೆ ಗಟ್ಟಿಯಾಯಿತು, ಶೈಲಿ ಪುಟವಿಟ್ಟ ಚಿನ್ನವಾಯಿತು, ಹದ ತಪ್ಪಿತು, ಅಚ್ಚುಕಟ್ಟಾಯಿತು, ಇವೆಲ್ಲ ಕುಲುಮೆಯ ಮುಂದೆ ಹುಟ್ಟಿದ ಮಾತುಗಳೇ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ತನ್ನ ಕೃತಿಯ ಪರೀಕ್ಷೆಯನ್ನು ರತ್ನಪರೀಕ್ಷೆಗೆ ಹೋಲಿಸಿಕೊಂಡು ಬೀಗಿದವನು. ಆದರೆ ಒಂದು ಶಬ್ದವನ್ನು ಮಾತ್ರ ನಾವು ಅನ್ಯಾಯವಾಗಿ ನಡೆಸಿಕೊಂಡಿದ್ದೇವೆ: ಕುಸುರಿ. ‘ಬರಿಯ ಕುಸುರಿ ಕೆಲಸ’ ಎಂದು ಬರೆದರೆ ಆ ಕವಿಯನ್ನು ಮುಗಿಸಿದಂತೆಯೇ. ಕುಸುರಿಗೆ ಕೈ ಸಾಕು, ಕಾವ್ಯಕ್ಕೆ ಪ್ರತಿಭೆ ಬೇಕು ಎಂಬುದು ಒಳಗಿನ ತರ್ಕ. ಪ್ರಭಾವತಿಯವರ ಹಲಗೆಗಳ ಮುಂದೆ ಈ ತರ್ಕ ನಿಲ್ಲುವುದಿಲ್ಲ. ಹೂವು, ಬಳ್ಳಿ, ಹಂಸ, ಮಾವಿನಕಾಯಿ ಎಲ್ಲವನ್ನೂ ಕಳೆದಮೇಲೆ ಕುಸುರಿಯಲ್ಲಿ ಏನು ಉಳಿಯುತ್ತದೆ? ಕೈ, ಉಪಕರಣ, ಅಂತರ, ಒತ್ತಡ. ಉಳಿದದ್ದೇ ಒಂದು ಕೃತಿಯಾಗಿ ನಿಲ್ಲುವಷ್ಟು ಬಲವುಳ್ಳದ್ದಾಗಿದೆ.

ಇಷ್ಟೆಲ್ಲ ಯೋಚಿಸಿಕೊಂಡು ಊರಿಗೆ ಬಂದವನು ಪ್ರದರ್ಶನದ ಪುಸ್ತಿಕೆಯನ್ನು ನಮ್ಮೂರಿನ ಒಬ್ಬ ವೃದ್ಧ ಅಕ್ಕಸಾಲಿಗರಿಗೆ ತೋರಿಸಿದೆ. ನಮ್ಮ ಮನೆಯ ಮೂರು ತಲೆಯ ಒಡವೆಗಳು ಅವರ ಮನೆಯವರ ಕೈಯಲ್ಲಿ ಆದವು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಬಹಳ ಹೊತ್ತು ನೋಡಿದರು.

“ಇದ್ಯಾಕ್ ಮೇಷ್ಟ್ರೇ, ಬಂಗಾರದ ತಂತಿ ಎಳ್ದು ಸುಣ್ಣದಾಗೆ ಹೂತವ್ರೆ?”

ನಾನು ತಿಳಿದಷ್ಟು ಹೇಳಿದೆ. ಅವರು ತಲೆದೂಗಲಿಲ್ಲ.

“ತಂತಿ ಏನೋ ಚೆನ್ನಾಗಿ ಎಳ್ದವ್ರೆ. ಸುರುಳಿ ಬಿಚ್ಚಿದ್ ತಂತಿ ಹಂಗೆಲ್ಲ ನೆಟ್ಟಗೆ ಕೂರಲ್ಲ. ಕಾಸ್ಬೇಕು, ಎಳೀಬೇಕು, ಮತ್ತೆ ಕಾಸ್ಬೇಕು. ಅದೆಲ್ಲ ಸರಿ. ಆದ್ರೆ ಇದನ್ನ ಹಾಕ್ಕೊಳ್ಳೋರು ಯಾರು?”

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದು ಸುಲಭ. ನನಗೆ ಅದು ಗಂಟಲಲ್ಲಿ ಸಿಕ್ಕಿಕೊಂಡಿತು. ನಾನು ಓದಿದ ಯಾವ ಲೇಖನವೂ ಕೇಳದಿದ್ದ ಪ್ರಶ್ನೆ ಅದು. ಒಡವೆ ಎಂದಮೇಲೆ ಅದಕ್ಕೊಂದು ಕೊರಳು ಬೇಕು, ಮುಂಗೈ ಬೇಕು. ಆಳುವ ಅರಸನಿಗಿಂತ ಹೆಚ್ಚಾಗಿ ಮದುವಣಗಿತ್ತಿಗೆ ಹೆದರಿ ಕೆಲಸ ಮಾಡಿದವರು ನಮ್ಮ ಅಕ್ಕಸಾಲಿಗರು. ಉಪಯೋಗವೆಂಬ ಈ ಋಣವನ್ನು ಕಳಚಿಕೊಂಡ ಕುಸುರಿಗೆ ಸ್ವಾತಂತ್ರ್ಯ ಬಂದಿತೆಂದು ಕಲಾವಿಮರ್ಶಕ ಹೇಳುತ್ತಾನೆ. ಅದು ಅನಾಥವಾಯಿತೆಂದು ಅಕ್ಕಸಾಲಿಗ ಹೇಳುತ್ತಾನೆ.

ಆದರೆ ಎರಡು ದಿನ ಬಿಟ್ಟು ನನಗೆ ಬೇರೊಂದು ಹೊಳೆಯಿತು. ನಮ್ಮ ಅಜ್ಜಿಯ ಅಡ್ಡಿಕೆ ಈಗಿಲ್ಲ. ಅದು ಕರಗಿ ನಮ್ಮ ತಾಯಿಯ ಬಳೆಗಳಾಯಿತು. ಬಳೆಗಳು ಕರಗಿ ನನ್ನ ತಂಗಿಯ ಸರವಾಯಿತು. ಚಿನ್ನ ಅದೇ, ಕೈಕೆಲಸ ಮಾತ್ರ ಪ್ರತಿ ಸಲವೂ ಮೂಸೆಯಲ್ಲಿ ಸತ್ತಿತು. ಲೋಕದಲ್ಲಿ ಕಲ್ಲುಕುಟಿಗನ ಕೆಲಸ ಉಳಿಯುತ್ತದೆ, ನೇಕಾರನ ಸೀರೆ ಹರಿದಾದರೂ ಪೆಟ್ಟಿಗೆಯಲ್ಲಿರುತ್ತದೆ. ಅಕ್ಕಸಾಲಿಗನ ವಸ್ತು ಬೆಲೆಯುಳ್ಳದ್ದಾದ್ದರಿಂದಲೇ ಅವನ ಕೆಲಸಕ್ಕೆ ಉಳಿಗಾಲವಿಲ್ಲ. ಬಳೆಯ ಮೇಲೆ ತಿನ್ನಂ ಮೂಡಿಸಿದ ಗುರುತು ಹೆಚ್ಚೆಂದರೆ ಎರಡು ತಲೆಮಾರು ಬದುಕೀತು. ಪ್ರಭಾವತಿಯವರು ಆ ಗುರುತನ್ನು ತಂದು ಯಾವ ಮೂಸೆಗೂ ಹಾಕಲಾಗದ ಸುಣ್ಣದಲ್ಲಿ ಇಟ್ಟಿದ್ದಾರೆ. ಕರಗಿಸಿ ಲಾಭ ಮಾಡಿಕೊಳ್ಳಲು ಅಲ್ಲೇನೂ ಇಲ್ಲ. ‘ಹಾಕಿಕೊಳ್ಳುವವರು ಯಾರು’ ಎಂಬುದಕ್ಕೆ ಇದು ಉತ್ತರವಾಯಿತೆಂದು ನಾನು ಹೇಳಲಾರೆ. ಆದರೆ ಪ್ರಶ್ನೆಯ ಎದುರಿಗೆ ಇಡಬಹುದಾದ ವಸ್ತುವಾಯಿತು.

ಈ ಕಸುಬಿನ ಇತ್ತೀಚಿನ ಚರಿತ್ರೆಯನ್ನು ಬಲ್ಲವರಿಗೆ ಈ ಬಿಳುಪು ಇನ್ನಷ್ಟು ಗಾಢವಾಗಿ ಕಾಣುವುದು. ೧೯೬೩ರ ಜನವರಿಯಲ್ಲಿ ಬಂದ ಚಿನ್ನದ ನಿಯಂತ್ರಣದ ಕಟ್ಟಳೆ ೧೪ ಕ್ಯಾರಟ್ಟಿಗಿಂತ ಹೆಚ್ಚು ಶುದ್ಧಿಯ ಒಡವೆ ಮಾಡಕೂಡದೆಂದಿತು. ದೇಶದ ಉದ್ದಗಲಕ್ಕೆ ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿತು. ಆ ನಿರ್ಬಂಧ ಸಡಿಲವಾದರೂ ೧೯೬೮ರ ಕಾನೂನು ೧೯೯೦ರವರೆಗೆ ಉಳಿದಿತ್ತು. ಅಷ್ಟರಲ್ಲಿ ಎರಕದ ಯಂತ್ರಗಳು ಬಂದವು, ಗಾಜಿನ ಬಾಗಿಲಿನ ದೊಡ್ಡ ಮಳಿಗೆಗಳು ಬಂದವು. ೨೦೨೧ರ ಜೂನ್‌ನಿಂದ ಹಂತಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಯಿತು. ಕೊಳ್ಳುವವರಿಗೆ ಅದರಿಂದ ಒಳಿತಾಗಿದೆ, ಒರೆಗಲ್ಲನ್ನು ನಂಬಿ ಕೂತ ಒಬ್ಬಂಟಿ ಕೆಲಸಗಾರನಿಗೆ ತೊಡಕಾಗಿದೆ. ತಿನ್ನಂ ಬಳೆಯಿಂದ ಬಿಡುಗಡೆಯಾಗಿ ಹಲಗೆಯ ಮೇಲೆ ಬಂದಿರುವುದು ಇಂಥ ಕಾಲದಲ್ಲಿ. ಕಲಾವಿದೆ ಇದನ್ನು ಕುರಿತು ಅಳುವುದಿಲ್ಲ, ಘೋಷಣೆ ಕೂಗುವುದಿಲ್ಲ. ಆ ಸಂಯಮವನ್ನು ನಾನು ಮೆಚ್ಚುತ್ತೇನೆ.

ಮೆಚ್ಚದ ಎರಡು ಸಂಗತಿಗಳನ್ನೂ ಹೇಳಿಬಿಡಬೇಕು. ಮೊದಲನೆಯದು ಹೆಸರುಗಳದ್ದು. ಇವರ ಕೃತಿಗಳಿಗೆ ಒಂದೆರಡು ಅಕ್ಷರ, ಒಂದು ಓರೆಗೆರೆ, ಒಂದು ಸಂಖ್ಯೆ, ಹೀಗೆ ಗೋದಾಮಿನ ಪಟ್ಟಿಯಂಥ ಗುರುತುಗಳಿರುತ್ತವೆ. ಅರ್ಥವನ್ನು ಹೇರಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ‘ಹೆಸರಿಲ್ಲ’ ಎಂದರೆ ನೋಡುವವನು ಸಮಾಧಾನದಿಂದ ಇರುತ್ತಾನೆ; ಸಂಕೇತಾಕ್ಷರ ಕೊಟ್ಟರೆ ತನಗೆ ತಿಳಿಸದ ಗುಟ್ಟೊಂದಿದೆಯೆಂದು ಮುಜುಗರ ಪಡುತ್ತಾನೆ. ಇಷ್ಟು ಪ್ರಾಮಾಣಿಕವಾದ ಕೆಲಸಕ್ಕೆ ಈ ಬೀಗ ಏಕೆ?

ಎರಡನೆಯದು ಹೆಚ್ಚು ತೂಕದ್ದು. ತುಮಕೂರಿನ ಪಕ್ಕದಲ್ಲಿ ಕೈದಾಳವಿದೆ; ಅಲ್ಲಿಯ ಚೆನ್ನಕೇಶವನ ಗುಡಿ ಹನ್ನೆರಡನೆಯ ಶತಮಾನದ್ದು. ತಪ್ಪೊಪ್ಪಿಕೊಂಡು ಕೈ ಕತ್ತರಿಸಿಕೊಂಡ ಜಕಣಾಚಾರಿಗೆ ಅಲ್ಲಿ ಕೈ ಮರಳಿ ಬಂದಿತೆಂದು ಐತಿಹ್ಯ. ಚರಿತ್ರಕಾರರು ಜಕಣಾಚಾರಿ ಇದ್ದನೆ ಎಂದೇ ಕೇಳುತ್ತಾರೆ. ಇರಲಿ. ಸಾವಿರಾರು ಹೆಸರಿಲ್ಲದ ಕೈಗಳಿಗೆ ಜನ ಒಂದು ಹೆಸರು ಕೊಟ್ಟು, ಆ ಹೆಸರಿಗೆ ಒಂದು ಊರನ್ನೂ ಕೊಟ್ಟರು. ಕೈಯನ್ನೇ ಮುಖ್ಯವಾಗಿಸಿಕೊಂಡ ಈ ಕಲೆಯನ್ನು ಕುರಿತು ಬರೆಯುವವರು ಮಾತ್ರ ಪ್ಯಾರಿಸ್ಸು, ನ್ಯೂಯಾರ್ಕುಗಳ ಕಲಾಚರಿತ್ರೆಯನ್ನು ಪುಟಗಟ್ಟಲೆ ಹೇಳಿ, ತಂತಿ ಎಳೆಯುವ ಕೈಗಳಿಗೆ ‘ಸಾಂಪ್ರದಾಯಿಕ ಕಸುಬು’ ಎಂಬ ಎರಡು ಮಾತು ಕೊಟ್ಟು ಮುಂದಕ್ಕೆ ಹೋಗುತ್ತಾರೆ. ಇದು ಕಲಾವಿದೆಯ ದೋಷಕ್ಕಿಂತ ಬರೆಯುವವರ ದೋಷ. ಅವೆನ್ಯೂ ರಸ್ತೆಯ, ನಗರ್ತರಪೇಟೆಯ ಸಂದಿಗಳಲ್ಲಿ ಮೆಟ್ಟಿಲು ಹತ್ತಿಹೋಗಿ ಒಂದು ಮಧ್ಯಾಹ್ನ ಕೂತು ನೋಡಿದ್ದರೆ ಅವರ ಬರವಣಿಗೆಗೆ ಎಷ್ಟೋ ಹದ ಬರುತ್ತಿತ್ತು.

ಇತ್ತೀಚೆಗೆ ಮತ್ತೆ ಆಚಾರ್ರ ಮನೆಗೆ ಹೋಗಿದ್ದೆ. ಪುಸ್ತಿಕೆಯನ್ನು ಅವರು ಹಿಂತಿರುಗಿಸಿರಲಿಲ್ಲ. ಕೇಳಲು ನನಗೂ ಮನಸ್ಸಿರಲಿಲ್ಲ. ಗೂಡಿನಿಂದ ಬಟ್ಟೆಯ ಗಂಟೊಂದನ್ನು ತೆಗೆದು, ತುದಿಯಲ್ಲಿ ನಕಾಸೆ ಕೊರೆದ ನಾಲ್ಕಾರು ಉಕ್ಕಿನ ಕಡ್ಡಿಗಳನ್ನು ಚಾಪೆಯ ಮೇಲೆ ಸುರಿದರು. ತಂದೆಯ ಕಾಲದವಂತೆ, ಬಳಸಿ ಬಹಳ ವರ್ಷವಾಯಿತಂತೆ. ಒಂದನ್ನು ಆರಿಸಿ, ಅರಗಿನ ಉಂಡೆಯ ಮೇಲೆ ಒತ್ತಿ ಒತ್ತಿ ಒಂದು ಸಾಲು ಮೂಡಿಸಿ ನನ್ನ ಕಡೆಗೆ ತಿರುಗಿಸಿದರು. ಕಿಟಕಿಯ ಬೆಳಕಿಗೆ ಹಿಡಿದೆ. ಆರನೆಯ ಗುರುತಿನ ಹತ್ತಿರ ಸಾಲು ಒಂದಿಷ್ಟು ವಾಲಿತ್ತು. ಅದನ್ನು ಅವರೂ ಕಂಡು, ಹೆಬ್ಬೆರಳಿನಿಂದ ಉಜ್ಜಿ ಅಳಿಸಿದರು.

“ಮುಂದಿನ ಸಲ ಬೆಂಗಳೂರಲ್ಲಿ ಪ್ರದರ್ಶನವಾದಾಗ ನೀವೂ ಬನ್ನಿ ಆಚಾರ್ರೇ, ಕರಕೊಂಡು ಹೋಗ್ತೀನಿ” ಎಂದೆ.

“ಲಗ್ನಗಳು ಮುಗೀಲಿ, ನೋಡಾನ” ಎಂದು ಕಡ್ಡಿಗಳನ್ನು ಗಂಟು ಕಟ್ಟಿದರು.